ಮೀಟರ್ ಗೇಜ್ ಬೋಗಿಯ ಹಿತ್ತಾಳೆ ಕೊಕ್ಕೆಗಳು

ನಾನು ಮೊದಲ ಸಲ ನೋಡಿದಾಗ ಆ ಬೋಗಿಯೊಳಗೆ ಸಿಮೆಂಟ್ ಚೀಲಗಳಿದ್ದವು. ಮೈಸೂರು ರಸ್ತೆ ಪಕ್ಕದ ಹಳೆ ಕಬ್ಬಿಣದ ವ್ಯಾಪಾರಿಯೊಬ್ಬರು ಅದನ್ನು ಎಷ್ಟೋ ವರ್ಷ ಗೋದಾಮಾಗಿ ಇಟ್ಟುಕೊಂಡಿದ್ದರು. ಚಕ್ರಗಳು ಅರ್ಧ ಮಣ್ಣಿನಲ್ಲಿ ಹೂತಿದ್ದವು. ಒಂದು ಬಾಗಿಲಿಗೆ ತಗಡು ಹೊಡೆದಿತ್ತು.

"ಎಲ್ಲಾ ಒರಿಜಿನಲ್ ಮೇಡಂ. ಒಂದು ಸ್ಕ್ರೂ ಕೂಡ ಬದಲಾಯಿಸಿಲ್ಲ," ಎಂದರು ವ್ಯಾಪಾರಿ, ನಾನು ಬಾಯಿ ಬಿಡುವ ಮೊದಲೇ.

ಕೇಳದ ಪ್ರಶ್ನೆಗೆ ಯಾರಾದರೂ ಉತ್ತರ ಕೊಟ್ಟರೆ ನನಗೆ ಅನುಮಾನ ಶುರುವಾಗುತ್ತದೆ. ಜೇಬಿನಿಂದ ಚಾಕು ತೆಗೆದು ಸೀಟಿನ ಅಡಿಯ ಮರವನ್ನು ಒಂಚೂರು ಕೆರೆದು ಮೂಸಿ ನೋಡಿದೆ. ತೇಗವೇ. ಚಾವಣಿಯ ತಗಡನ್ನು ಬೆರಳಿನಿಂದ ತಟ್ಟಿದೆ. ಅಲ್ಲಲ್ಲಿ ತುಕ್ಕು ತಿಂದಿತ್ತು, ಆದರೆ ಹಳೆಯದೇ. ಲಗೇಜ್ ಇಡುವ ಹಲಗೆ, ಎಳೆಯುವ ಸರಪಳಿಯ ಪೆಟ್ಟಿಗೆ, ಕಿಟಕಿಯ ಅಡ್ಡ ಸರಳು ಎಲ್ಲವನ್ನೂ ನೋಡಿದೆ. ಕಿಟಕಿಯ ಕೊಕ್ಕೆಗಳ ಮೇಲೆ ಮಾತ್ರ ನೀಲಿ ಬಣ್ಣ ದಪ್ಪಗೆ ಕೂತಿತ್ತು. ಒಂದನ್ನು ಕೆರೆದಾಗ ಕೆಳಗೆ ಹಿತ್ತಾಳೆ ಹೊಳೆಯಿತು. ಸರಿ ಎಂದುಕೊಂಡೆ.

ನನ್ನ ಕೆಲಸದ ಬಗ್ಗೆ ಇಷ್ಟು ಹೇಳಬೇಕು. ಫೌಂಡ್ರಿಯಲ್ಲಿ ಲೋಹವನ್ನು ಎರಕ ಹೊಯ್ಯುವ ಮುಂಚೆ ಆ ವಸ್ತುವಿನ ಆಕಾರವನ್ನು ಮರದಲ್ಲಿ ಮಾಡಿಕೊಳ್ಳಬೇಕಾಗುತ್ತದೆ. ಆ ಮರದ ಮಾದರಿಗಳನ್ನು ಮಾಡುವ ಸಣ್ಣ ವರ್ಕ್‌ಶಾಪ್ ನನ್ನದು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಸುತ್ತಲಿನ ಫೌಂಡ್ರಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಹಳೆ ಮರದ ಸಾಮಾನು ಸರಿಮಾಡುವ ಕೆಲಸವನ್ನೂ ಹಿಡಿದೆ. ಬೋಗಿಯ ಕೆಲಸ ಬಂದದ್ದು ಹಾಗೆ.

ಕೊಟ್ಟವರು 'ಪಾಸಿನವರು'. ಮೀಟರ್ ಗೇಜ್ ರೈಲಿದ್ದ ಕಾಲದಲ್ಲಿ ಕೆಂಗೇರಿ, ಬಿಡದಿ, ರಾಮನಗರದ ನಡುವೆ ತಿಂಗಳ ಪಾಸು ಇಟ್ಟುಕೊಂಡು ದಿನಾ ಓಡಾಡಿದ ಮೂವತ್ತು ನಲವತ್ತು ಮಂದಿ. ಈಗ ಎಲ್ಲರಿಗೂ ತಲೆ ಬೆಳ್ಳಗಾಗಿದೆ. ಇಂಜಿನ್ನೂ ಬೇಕೆಂದು ತುಂಬಾ ಓಡಾಡಿದರಂತೆ, ಹೊಗೆ ಉಗುಳುವ ಕಪ್ಪು ಇಂಜಿನ್ನು. ಅದು ಸಿಗಲಿಲ್ಲ. ಸಿಕ್ಕಿದ್ದು ಈ ಒಂದು ಬೋಗಿ. ಕೆಂಗೇರಿ ಕಡೆಯ ಉಲ್ಲಾಳದ ಹತ್ತಿರದ ಒಂದು ಶಾಲೆ ಮೈದಾನದ ಮೂಲೆಯನ್ನು ಬಿಟ್ಟುಕೊಟ್ಟಿತ್ತು. ಅಲ್ಲಿ ನಾಲ್ಕು ಹಳಿ ತುಂಡು ಹಾಸಿ ಬೋಗಿ ನಿಲ್ಲಿಸಿ, ಮಕ್ಕಳಿಗೆ ಓದುವ ಕೋಣೆ ಮಾಡುವುದು ಯೋಜನೆ. ಆದರೆ ಒಳಗೆ ಹೊರಗೆ ಎಲ್ಲವೂ 'ನಮ್ಮ ಕಾಲದಲ್ಲಿದ್ದ ಹಾಗೇ' ಇರಬೇಕು ಎಂಬುದು ಅವರ ಷರತ್ತು. ಬೋಗಿಯನ್ನು ಆ ಮೈದಾನಕ್ಕೆ ತರಿಸಿದ ಮೇಲೆ ಕೆಲಸ ಶುರುಮಾಡಿದೆವು.

ಗುಂಪಿನ ಮುಂದಾಳು ಒಬ್ಬ ನಿವೃತ್ತ ಟೀಚರ್. ಕೆಂಗೇರಿಯಿಂದ ರಾಮನಗರದ ಶಾಲೆಗೆ ಇಪ್ಪತ್ತೆರಡು ವರ್ಷ ಆ ರೈಲಿನಲ್ಲೇ ಹೋಗಿ ಬಂದವರು. "ನಾನು ಸೀರೆ ನೆರಿಗೆ ಹಿಡ್ಕೊಂಡು ಓಡಿ ಬರೋದು ಕಂಡ್ರೆ ಡ್ರೈವರು ಅರ್ಧ ನಿಮಿಷ ತಡೀತಿದ್ರು ಕಣಮ್ಮ. ಸಂಜೆ ವಾಪಸ್ ಬರುವಾಗ ಅವರೆಕಾಯಿ ಸುಲಿದು ಮುಗಿಸ್ತಿದ್ವಿ. ಮನೆಗೆ ಹೋದ ತಕ್ಷಣ ಒಲೆ ಮೇಲೆ ಇಡೋದಷ್ಟೇ," ಎನ್ನುತ್ತಿದ್ದರು. ಅವರ ಗೆಳೆಯರ ಮಾತನ್ನು ಕೇಳಿದರೆ ಆ ರೈಲು ಒಂದು ದಿನವೂ ತಡವಾಗಿರಲಿಲ್ಲ, ಅದರಲ್ಲಿ ಯಾರೂ ನಿಂತು ಪ್ರಯಾಣ ಮಾಡಿರಲಿಲ್ಲ. ಇಂಥ ನೆನಪುಗಳನ್ನು ನಾನು ಸುಲಭವಾಗಿ ನಂಬುವುದಿಲ್ಲ.

ನನ್ನಂತೆಯೇ ನಂಬದಿದ್ದವರು ಆ ಗುಂಪಿನಲ್ಲಿ ಒಬ್ಬರೇ. ರೈಲ್ವೆಯಲ್ಲಿ ಬೋಗಿ ರಿಪೇರಿಯ ಫಿಟ್ಟರ್ ಆಗಿದ್ದವರು, ಎಪ್ಪತ್ತು ದಾಟಿದ್ದರು. ವಿಜಯನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲಿ ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್. "ಸುಳ್ಳು ಟೀಚರ್, ವಾರಕ್ಕೆ ಮೂರು ದಿನ ಲೇಟು. ಬೈಸ್ಕೊಳ್ತಿದ್ದೋರು ನಾವು," ಎಂದು ಅವರು ಹೇಳಿದಾಗ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಬಣ್ಣದ ವಿಷಯದಲ್ಲಿ ಪಾಸಿನವರ ನಡುವೆ ಜಗಳವೇ ಆಗಿತ್ತು. ಒಬ್ಬರು ಕೆಂಪು ಎಂದರೆ ಇನ್ನೊಬ್ಬರು ಕಾಫಿ ಬಣ್ಣ ಎಂದರು. ಫಿಟ್ಟರ್ ನನ್ನನ್ನು ಬಾಗಿಲ ಹಿಂಬದಿಗೆ ಕರೆದೊಯ್ದು, "ಇಲ್ಲಿ ಮಳೆ ಬಿಸಿಲು ತಾಕಲ್ಲ, ಇಲ್ಲಿ ಉಜ್ಜಿ," ಎಂದರು. ರೂಪಾಯಿ ಅಗಲದ ಜಾಗವನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದೆ. ಮೇಲಿನ ನೀಲಿ ಹೋಗಿ, ಬೂದು ಬಣ್ಣ ಬಂದು, ಅದರಡಿ ಇಟ್ಟಿಗೆ ಕೆಂಪು ಉಂಗುರದ ಹಾಗೆ ಕಾಣಿಸಿತು. ಜಗಳ ಅಲ್ಲಿಗೆ ನಿಂತಿತು.

ಕಿಟಕಿಗಳು ನಲವತ್ತು. ಪ್ರತಿ ಕಿಟಕಿಗೆ ಮರದ ಶಟರ್. ಅದನ್ನು ಮೇಲೆತ್ತಿ ನಿಲ್ಲಿಸಲು ಎಡಕ್ಕೊಂದು ಬಲಕ್ಕೊಂದು ಹಿತ್ತಾಳೆ ಕೊಕ್ಕೆ. ಎರಡನ್ನೂ ಬೆರಳಿನಿಂದ ಒತ್ತಿದರೆ ಶಟರ್ ಧಡ್ ಎಂದು ಇಳಿಯುತ್ತದೆ. ಎಂಬತ್ತರಲ್ಲಿ ಹನ್ನೊಂದು ಇರಲಿಲ್ಲ. ಇಲ್ಲದ್ದನ್ನು ಹೊಸದಾಗಿ ಎರಕ ಹೊಯ್ಯಿಸಬೇಕಲ್ಲ, ಅದಕ್ಕಾಗಿ ಮೊದಲ ವಾರವೇ ನಾಲ್ಕು ಕೊಕ್ಕೆ ಬಿಚ್ಚಿ ವರ್ನಿಯರ್ ಇಟ್ಟು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉದ್ದ ಸರಿಯಾಗಿ ಎಪ್ಪತ್ತೈದು ಮಿಲಿಮೀಟರ್. ನಾಲ್ಕೂ ಅಷ್ಟೇ. ಉಳಿದವನ್ನೂ ಬಿಚ್ಚಿ, ಬಣ್ಣ ತೆಗೆದು, ಪ್ರತಿಯೊಂದರ ಹಿಂಬದಿಗೂ ಪಂಚಿನಿಂದ ಕಿಟಕಿಯ ನಂಬರ್ ಹೊಡೆದು ಮತ್ತೆ ಅದರದರ ಜಾಗಕ್ಕೇ ಹಾಕಿಸಿದೆ. ಫಿಟ್ಟರ್ ಆ ದಿನ ಒಂದು ಕೊಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಮೂರನೇ ವಾರ ಹದಿನಾಲ್ಕನೇ ಕಿಟಕಿಯ ಶಟರ್ ಸಿಕ್ಕಿಕೊಳ್ಳುತ್ತಿದೆ ಎಂದು ನನ್ನ ಬಡಗಿ ಕೊಕ್ಕೆ ಬಿಚ್ಚಿದ. ಹಿಂಬದಿಯಲ್ಲಿ ನಂಬರ್ ಇರಲಿಲ್ಲ. ನಾನು ಹೊಡೆದ ಪಂಚು ಅಳಿಸಿಹೋಗುವಂಥದ್ದಲ್ಲ. ಕೊಕ್ಕೆ ಬೇರೆಯೇ ಇತ್ತು, ಪಕ್ಕದ್ದಕ್ಕಿಂತ ಹೊಳೆಯುತ್ತಿತ್ತು. ಒಂದೊಂದಾಗಿ ಬಿಚ್ಚಿಸಿದೆ. ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳರ ಒಂದು. ಒಟ್ಟು ಏಳು ಕೊಕ್ಕೆಗೆ ನಂಬರ್ ಇಲ್ಲ.

ನನಗೆ ಅನಿಸಿದ್ದು ಒಂದೇ. ಯಾರೋ ಹಳೆಯ ಅಸಲಿ ಕೊಕ್ಕೆಗಳನ್ನು ಬಿಚ್ಚಿಕೊಂಡು, ಹೊಸದಾಗಿ ಮಾಡಿಸಿದ ನಕಲಿಗಳನ್ನು ಕೂರಿಸುತ್ತಿದ್ದಾರೆ. ಹಳೆ ರೈಲಿನ ಹಿತ್ತಾಳೆ ಸಾಮಾನಿಗೆ ಹೋಟೆಲಿನವರು, ಮನೆ ಅಲಂಕಾರ ಮಾಡುವವರು ಮುಗಿಬೀಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹೊಳೆಯುವುದು ಹೊಸದು, ಹೊಸದೆಂದರೆ ನಕಲಿ. ಇದಕ್ಕಿಂತ ಹೆಚ್ಚು ನಾನು ಯೋಚಿಸಲೇ ಇಲ್ಲ.

ಯಾರಿಗೂ ಹೇಳಲಿಲ್ಲ. ಹದಿನೈದು ವರ್ಷದಿಂದ ನನ್ನ ಜೊತೆಗಿದ್ದ ಇಬ್ಬರು ಬಡಗಿಗಳ ಚೀಲವನ್ನೂ ಏನೋ ನೆಪ ಹೇಳಿ ನೋಡಿದೆ. ಇಬ್ಬರಿಗೂ ಗೊತ್ತಾಯಿತು. ಒಬ್ಬ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಶನಿವಾರ ಎಲ್ಲರೂ ಹೋದ ಮೇಲೆ ಮಗಳ ಉಗುರು ಬಣ್ಣದ ಸೀಸೆ ತಂದು, ಪ್ರತಿ ಕೊಕ್ಕೆಯಲ್ಲೂ ಸ್ಕ್ರೂ ತಲೆಗೂ ಅಕ್ಕಪಕ್ಕದ ಹಿತ್ತಾಳೆಗೂ ತಾಗುವ ಹಾಗೆ ಸಾಸಿವೆ ಗಾತ್ರದ ಚುಕ್ಕೆ ಇಟ್ಟೆ. ಸ್ಕ್ರೂ ತಿರುಗಿಸಿದರೆ ಚುಕ್ಕೆ ಬಿರಿಯಬೇಕು. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಹದಿನೇಳರ ಎರಡನೆಯದರಲ್ಲಿ, ಹದಿನೆಂಟರ ಎರಡರಲ್ಲೂ ಚುಕ್ಕೆ ಇರಲೇ ಇಲ್ಲ. ಆ ಮೂರಕ್ಕೂ ಬೆನ್ನಲ್ಲಿ ನಂಬರ್ ಇರಲಿಲ್ಲ.

ಭಾನುವಾರ ಅಲ್ಲಿ ಇರುತ್ತಿದ್ದವರು ಕಾವಲುಗಾರ ಒಬ್ಬರೇ. ಯಾದಗಿರಿ ಕಡೆಯವರು, ನಲವತ್ತೈದರ ಆಸುಪಾಸು. ಬೋಗಿ ಕಾಯಲೆಂದೇ ಪಾಸಿನವರು ಇಟ್ಟಿದ್ದರು. ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಬೋಗಿಯ ಬೀಗದ ಕೈ ನನ್ನ ಹತ್ತಿರ, ಟೀಚರ್ ಹತ್ತಿರ, ಬೆಳಿಗ್ಗೆ ಬೇಗ ಬರುವ ಫಿಟ್ಟರ್ ಹತ್ತಿರ, ಮತ್ತು ಈ ಕಾವಲುಗಾರರ ಹತ್ತಿರ ಇತ್ತು.

ಅವರನ್ನು ಕರೆದು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಗದರಿದೆ ಎನ್ನಬೇಕು.

"ನಿನ್ನೆ ಬೋಗಿಯೊಳಗೆ ಯಾರು ಹೋಗಿದ್ದು? ನೀನೇನಾ?"

"ನಾ ಹೋಗಿಲ್ರಿ ಅಕ್ಕಾರ. ಆ ಅಜ್ಜಾರು ಬಂದಿದ್ರು, ಫಿಟ್ಟರ್ ಅಜ್ಜಾರು. ಮಧ್ಯಾಹ್ನ ಎರಡು ತಾಸು ಒಳಗ ಇದ್ರು."

"ಭಾನುವಾರ ಅವರಿಗೇನು ಕೆಲಸ?"

"ಏನೋ ಗೊತ್ತಿಲ್ರಿ. ಡಬ್ಬಿ ತಂದಿದ್ರು. ಉಣ್ಣಾಕ ಕುಂತಿಲ್ರಿ, ಹಂಗ ವಾಪಸ್ ಒಯ್ದ್ರು. ಆ ಡಬ್ಬಿ ಒಮ್ಮೆ ತೆರೆಸಿ ನೋಡ್ರಿ ನೀವು."

ನನಗೆ ಸಿಟ್ಟು ನೆತ್ತಿಗೇರಿತು. ಸಿಕ್ಕಿಬಿದ್ದ ಮೇಲೆ ಹಿರಿಯರ ಮೇಲೆ ಗೂಬೆ ಕೂರಿಸುತ್ತಿದ್ದಾನೆ ಎಂದುಕೊಂಡೆ. ಆದರೂ ಪದ್ಧತಿ ಪ್ರಕಾರ ಕೇಳಬೇಕಲ್ಲ. ಹನ್ನೊಂದು ಗಂಟೆಗೆ ಟೀಚರ್ ಬಂದರು, ಫಿಟ್ಟರೂ ಇದ್ದರು. ಬೋಗಿಯ ಮುಂದೆ ನಿಂತೇ ಕೇಳಿದೆ.

"ಸಾರ್, ನಿನ್ನೆ ನೀವು ಇಲ್ಲಿಗೆ ಬಂದಿದ್ರಾ?"

"ಭಾನುವಾರ ನಾನ್ಯಾಕಮ್ಮಾ ಬರ್ಲಿ? ಮನೇಲೇ ಇದ್ದೆ," ಎಂದರು ಅವರು, ಕ್ಯಾರಿಯರನ್ನು ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಾ.

ಕಾವಲುಗಾರ ಅವರ ಮುಖವನ್ನೇ ನೋಡಿದರು. "ಅಜ್ಜಾರ, ದೇವ್ರ ಮ್ಯಾಲ ಆಣಿ ಮಾಡಿ ಹೇಳ್ರಿ. ನಾ ನಿಮಗ ನೀರು ತಂದು ಕೊಟ್ಟಿಲ್ಲ?"

ಫಿಟ್ಟರ್ ಮಾತಾಡಲಿಲ್ಲ. ಆ ಮೌನವನ್ನು ನಾನು ಹಿರಿಯರಿಗೆ ಆದ ಅವಮಾನ ಎಂದೇ ತಿಳಿದೆ. ಅಷ್ಟರಲ್ಲಿ ಗೇಟಿನೆದುರು ಟೀ ಅಂಗಡಿ ಇಟ್ಟಿದ್ದ ಹೆಂಗಸು, ಬಸ್ಸಿಗೆ ಕಾಯುತ್ತಿದ್ದ ನಾಲ್ಕೈದು ಜನ, ನನ್ನ ಬಡಗಿಗಳು ಎಲ್ಲರೂ ಬಂದು ನಿಂತಿದ್ದರು. "ಮಾಡೋದು ಮಾಡಿ ಇನ್ನೊಬ್ಬರ ಹೆಸರು ಹೇಳ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ? ಕಳ್ಳ!" ಎಂದವಳು ನಾನು. ಟೀಚರ್ ಸಂಜೆಯೊಳಗೆ ಕೋಣೆ ಖಾಲಿ ಮಾಡಿ ಎಂದಷ್ಟೇ ಹೇಳಿದರು. ಮೂರು ಗಂಟೆಗೆ ಗಂಡ ಹೆಂಡತಿ ಎರಡು ಚೀಲ, ಒಂದು ಕೊಡ, ಒಂದು ಸುತ್ತಿದ ಚಾಪೆ ಹಿಡಿದು ಗೇಟು ದಾಟಿದರು. ಹೆಂಡತಿ ಒಂದು ಸಲ ತಿರುಗಿ ನನ್ನನ್ನು ನೋಡಿದರು.

ಎಂಟು ದಿನ ಕೆಲಸ ಚೆನ್ನಾಗಿ ಸಾಗಿತು. ಚಾವಣಿಯ ತೂತುಗಳಿಗೆ ತೇಪೆ ಹಾಕಿ ನೀರು ಸುರಿದು ನೋಡಿದೆವು. ಸೀಟಿನ ಪಟ್ಟಿಗಳನ್ನು ಬಿಚ್ಚಿ, ಕೊಳೆತ ಆರನ್ನು ಬದಲಾಯಿಸಿ, ಅಂಚುಗಳನ್ನು ಹಳೆಯದರಂತೆ ಉರುಟಾಗಿ ಉಜ್ಜಿದೆವು. ಹೊಸ ಕಾವಲುಗಾರ ಬೇಡವೆಂದು ಬೀಗವನ್ನೇ ಬದಲಾಯಿಸಿದ್ದೆ. ಹೊಸ ಬೀಗದ ಕೈಗಳು ಮೂರೇ: ನನ್ನದು, ಟೀಚರದು, ಫಿಟ್ಟರದು.

ಒಂಬತ್ತನೇ ದಿನ ಇಪ್ಪತ್ತೆರಡನೇ ಕಿಟಕಿಯ ಶಟರ್ ಇಳಿಸಿದಾಗ ಸದ್ದು ಬೇರೆ ಥರ ಕೇಳಿಸಿತು. ಗಡುಸಾದ, ಒಂದೇ ಏಟಿನ ಸದ್ದು. ಕೊಕ್ಕೆ ನೋಡಿದೆ. ಹೊಳೆಯುತ್ತಿತ್ತು. ಉಗುರು ಬಣ್ಣದ ಚುಕ್ಕೆ ಇರಲಿಲ್ಲ.

ಅಲ್ಲೇ ಸೀಟಿನ ಮೇಲೆ ಕೂತು ಕೊಕ್ಕೆ ಬಿಚ್ಚಿ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ವರ್ನಿಯರ್ ಇಟ್ಟೆ. ಎಪ್ಪತ್ತಾರು ಮಿಲಿಮೀಟರ್, ಮೇಲೆ ಕೂದಲೆಳೆಯಷ್ಟು. ಅಂದರೆ ಸರಿಯಾಗಿ ಮೂರು ಇಂಚು. ಪಕ್ಕದ, ನಂಬರ್ ಇದ್ದ ಕೊಕ್ಕೆ ಅಳೆದೆ. ಎಪ್ಪತ್ತೈದು.

ಕರಗಿದ ಹಿತ್ತಾಳೆ ತಣ್ಣಗಾಗುವಾಗ ಕುಗ್ಗುತ್ತದೆ. ಅದಕ್ಕೇ ನಾವು ಮರದ ಮಾದರಿಯನ್ನು ಬೇಕಾದ ಅಳತೆಗಿಂತ ಒಂದಿಷ್ಟು ದೊಡ್ಡದಾಗಿ ಮಾಡುವುದು. ಮೂರು ಇಂಚಿನ ಹಿತ್ತಾಳೆಗೆ ಒಂದು ಮಿಲಿಮೀಟರಿನಷ್ಟು ಹೆಚ್ಚು ಬಿಡುತ್ತೇವೆ. ನಮ್ಮ ಕಸುಬಿನಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಇದು. ಯಾರಾದರೂ ಈ ಲೆಕ್ಕ ತಿಳಿಯದೆ ಅಸಲಿ ಕೊಕ್ಕೆಯನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ನಕಲಿ ಮಾಡಿದರೆ, ನಕಲಿ ಅಸಲಿಗಿಂತ ಒಂದು ಮಿಲಿಮೀಟರ್ ಚಿಕ್ಕದಾಗಿಯೇ ಬರುತ್ತದೆ. ಹಳೇ ರೈಲಿನ ಸಾಮಾನು ಇಂಚಿನ ಲೆಕ್ಕದಲ್ಲಿ ಮಾಡಿದ್ದು. ಎಪ್ಪತ್ತೈದು ಎಂಬ ಚೊಕ್ಕ ಅಂಕಿ ನೋಡಿ ನಾನೇ ಮೋಸಹೋಗಿದ್ದೆ.

ಚಿಕ್ಕವು ನಕಲಿ. ಅವು ಬೋಗಿಯ ಜೊತೆಗೇ ಬಂದವು, ವ್ಯಾಪಾರಿ ಕೂರಿಸಿ ಬಣ್ಣ ಬಳಿದವು. ಹೊಳೆಯುವ, ದೊಡ್ಡ ಕೊಕ್ಕೆಗಳೇ ಅಸಲಿ. ಯಾರೋ ಕದಿಯುತ್ತಿರಲಿಲ್ಲ. ನಕಲಿ ತೆಗೆದು ಅಸಲಿ ಹಾಕುತ್ತಿದ್ದರು. ನನ್ನ ಅನುಮಾನ ತಲೆಕೆಳಗಾಗಿ ನಿಂತಿತ್ತು. ಅದಕ್ಕೆ ಸಾಕ್ಷಿ ನನ್ನದೇ ನೋಟ್‌ಬುಕ್ಕಿನಲ್ಲಿ, ನನ್ನದೇ ಅಕ್ಷರದಲ್ಲಿ, ಮೊದಲ ವಾರದಿಂದ ಬಿದ್ದಿತ್ತು.

ಆ ಭಾನುವಾರ ಮಧ್ಯಾಹ್ನ ಒಂದೂವರೆಗೇ ಹೋಗಿ, ಹಿಂದಿನ ಬಾಗಿಲಿಂದ ಒಳಗೆ ಸೇರಿ, ಬಾಗಿಲಿಗೆ ಚಿಲಕ ಹಾಕಿಕೊಂಡು ಕೊನೆಯ ಸೀಟಿನಲ್ಲಿ ಕೂತೆ. ಎರಡು ಗಂಟೆಗೆ ಮುಂದಿನ ಬಾಗಿಲ ಬೀಗ ತೆರೆಯಿತು. ಫಿಟ್ಟರ್ ಇಪ್ಪತ್ತಮೂರನೇ ಕಿಟಕಿಯ ಹತ್ತಿರ ಕೂತು, ಕ್ಯಾರಿಯರ್ ತೆರೆದರು. ಮೊದಲ ಡಬ್ಬಿಯಿಂದ ಬಟ್ಟೆಯಲ್ಲಿ ಸುತ್ತಿದ ಕೊಕ್ಕೆ ತೆಗೆದು ತೊಡೆಗೆ ಒರೆಸಿದರು. ಎರಡನೇ ಡಬ್ಬಿಯಲ್ಲಿ ಸ್ಕ್ರೂಡ್ರೈವರ್.

"ಸಾರ್," ಎಂದೆ.

ಅವರು ಬೆಚ್ಚಲಿಲ್ಲ. ಕೊಕ್ಕೆಯನ್ನು ಮೆಲ್ಲಗೆ ಸೀಟಿನ ಮೇಲಿಟ್ಟರು.

"ಯಾವತ್ತಿಂದ ಗೊತ್ತಮ್ಮಾ?"

"ಗುರುವಾರದಿಂದ. ನೀವು ಮೊದಲ ದಿನಾನೇ ಹೇಳ್ಬೋದಿತ್ತಲ್ಲ, ಇವೆಲ್ಲ ನಕಲಿ ಅಂತ."

"ಹೇಳಿದ್ರೆ, ಹಾಗಾದ್ರೆ ಅಸಲಿ ಎಲ್ಲಿ ಸಿಗತ್ತೆ ಅಂತ ಕೇಳ್ತಿದ್ರಿ. ನಮ್ಮನೆ ಅಟ್ಟದ ಮೇಲೆ ಟ್ರಂಕಲ್ಲಿದೆ ಅಂತ ಹೇಗೆ ಹೇಳ್ಲಿ?"

ಆಮೇಲೆ ಅವರೇ ಹೇಳಿದರು. ಮೀಟರ್ ಗೇಜ್ ಮುಚ್ಚಿದ ಕೊನೆಯ ತಿಂಗಳು ಬೋಗಿಗಳನ್ನು ಸಾಲಾಗಿ ನಿಲ್ಲಿಸಿ ಗ್ಯಾಸಿನಿಂದ ಕೊಯ್ಯುತ್ತಿದ್ದರಂತೆ. "ಯಾವ ಬೋಗೀಲಿ ಯಾವ ಬಾಗಿಲು ಬಿಗಿ, ಯಾವ ಫ್ಯಾನು ಕಿರ್ ಅನ್ನತ್ತೆ, ಎಲ್ಲಾ ಗೊತ್ತಿತ್ತಮ್ಮಾ ನಂಗೆ. ಇಪ್ಪತ್ತು ವರ್ಷ ಶೆಡ್ಡಿನ ಗೇಟಲ್ಲಿ ಬ್ಯಾಗ್ ತೆರೆದು ತೋರಿಸಿ ಮನೆಗೆ ಹೋದೋನು. ಒಂದು ನಟ್ಟು ಮುಟ್ಟಿರ್ಲಿಲ್ಲ. ಆ ತಿಂಗಳು ಮಾತ್ರ ಊಟದ ಡಬ್ಬೀಲಿ ದಿನಾ ಎರಡೆರಡು ಕೊಕ್ಕೆ ಹಾಕ್ಕೊಂಡು ಬಂದೆ. ಊಟದ ಡಬ್ಬಿ ಯಾರೂ ತೆರೆಸ್ತಿರ್ಲಿಲ್ಲ. ಮಾರ್ಲಿಲ್ಲ, ಯಾರಿಗೂ ತೋರಿಸ್ಲಿಲ್ಲ. ಹೆಂಡ್ತಿಗೂ ಸಹ. ಆದ್ರೂ ಕದ್ದಿದ್ದು ಕದ್ದಿದ್ದೇ ಅಲ್ವಾ?"

"ಸಾರ್, ಅದು ಹಾಗಿರ್ಲಿ. ಭಾನುವಾರ ಬಂದಿಲ್ಲ ಅಂದ್ರಲ್ಲ."

ಅವರು ಕೊಕ್ಕೆ ಸುತ್ತಿದ್ದ ಬಟ್ಟೆಯನ್ನು ಮಡಿಸತೊಡಗಿದರು.

"ಬಾಯಿಗೆ ಬಂದ್ಬಿಡ್ತು. ಆಮೇಲೆ ಅವನು ನೀರಿನ ಮಾತು ಎತ್ತಿದಾಗ... ಎಲ್ಲರೂ ನಿಂತಿದ್ರು. ವಾಪಸ್ ತಗೊಳೋಕೆ ಆಗ್ಲಿಲ್ಲ."

ಒಂದು ದಾರಿ ಇದೆ ಎಂದರು. ಉಳಿದ ಕೊಕ್ಕೆಗಳನ್ನೂ ಹಾಕಿಬಿಡುತ್ತೇನೆ, ಕಾವಲಿನವನಿಗೆ ಫೋನ್ ಮಾಡಿ ಏನೋ ತಪ್ಪು ತಿಳಿವಳಿಕೆ ಆಯಿತು ಎಂದು ಹೇಳಿ ವಾಪಸ್ ಕರೆಸೋಣ, ಇಷ್ಟು ನಮ್ಮಿಬ್ಬರಲ್ಲೇ ಇರಲಿ. ನಾನು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ.

ಎರಡು ದಿನ ಅದನ್ನೇ ಯೋಚಿಸಿದೆ. ಸುಳ್ಳು ಹೇಳಬಾರದು. ಆ ದಾರಿ ನನಗೂ ಅನುಕೂಲವಾಗಿತ್ತು. ಕೆಲಸ ಮುಗಿಯುತ್ತಾ ಬಂದಿತ್ತು, ಬೋಗಿಯಲ್ಲಿ ಅಸಲಿ ಕೊಕ್ಕೆ ಇರುತ್ತಿದ್ದವು, ಕಾವಲುಗಾರರಿಗೆ ಕೆಲಸ ಸಿಗುತ್ತಿತ್ತು. ನಾನು ಅಳತೆ ತೆಗೆಯದೆ ಒಬ್ಬರನ್ನು ಕಳ್ಳ ಎಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಪ್ಪು ತಿಳಿವಳಿಕೆ ಯಾರದು ಎಂದು ಯಾರಾದರೂ ಕೇಳಿದರೆ ಹೇಳಲು ಹೆಸರೇ ಇರುವುದಿಲ್ಲ. ಹೆಸರಿಲ್ಲದ ತಪ್ಪು ಕೊನೆಗೆ ಆ ಮನುಷ್ಯರ ತಲೆಯ ಮೇಲೆಯೇ ಉಳಿಯುತ್ತದೆ. ಮಂಗಳವಾರ ಸಂಜೆ ಫಿಟ್ಟರಿಗೆ ಫೋನ್ ಮಾಡಿದೆ. "ನಾಳೆ ಪಾಸಿನವರೆಲ್ಲ ಸೇರ್ತಾರೆ. ನನ್ನ ತಪ್ಪು ನಾನು ಹೇಳ್ತೀನಿ. ನಿಮ್ಮದು ನೀವೇ ಹೇಳಿ ಸಾರ್. ನೀವು ಬರದಿದ್ರೆ ಅದನ್ನೂ ನಾನೇ ಹೇಳ್ಬೇಕಾಗತ್ತೆ." ಅವರು ಉತ್ತರ ಕೊಡದೆ ಫೋನ್ ಇಟ್ಟರು. ಬರುವುದಿಲ್ಲ ಎಂದೇ ನಾನು ಅಂದುಕೊಂಡೆ.

ಬಂದರು. ಟ್ರಂಕಿನ ಸಮೇತ ಆಟೋದಲ್ಲಿ ಬಂದರು. ಬೋಗಿಯ ಸೀಟುಗಳಲ್ಲಿ ಇಪ್ಪತ್ತು ಮಂದಿ ಕೂತಿದ್ದರು. ನಾನು ಎರಡು ಕೊಕ್ಕೆಗಳನ್ನು ಜೋಡಿಸಿ ಕೈಯಿಂದ ಕೈಗೆ ದಾಟಿಸಿ, ಚಿಕ್ಕದು ಯಾವುದು, ದೊಡ್ಡದು ಯಾವುದು, ಯಾಕೆ ಎಂದು ವಿವರಿಸಿದೆ. ನಾನು ಅಳೆಯದೆ ದೂರಿದೆ ಎಂದೆ. ಆಮೇಲೆ ಫಿಟ್ಟರ್ ಎದ್ದು ನಿಂತು ನನಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿದರು. ಟ್ರಂಕಿನಲ್ಲಿ ಇನ್ನೂ ನಲವತ್ತರ ಹತ್ತಿರ ಕೊಕ್ಕೆಗಳಿದ್ದವು, ಒಂದೊಂದಕ್ಕೂ ಹಳೆ ಪಂಚೆಯ ತುಂಡು ಸುತ್ತಿತ್ತು.

ಒಬ್ಬರು, "ಅಯ್ಯೋ ಬಿಡಿ ಸಾಹೇಬ್ರೇ, ಕರಗಿಹೋಗೋದನ್ನ ಉಳಿಸಿದ್ರಿ. ಪುಣ್ಯದ ಕೆಲಸ," ಎಂದರು. ನಾಲ್ಕೈದು ಜನ ತಲೆಯಾಡಿಸಿದರು. ಒಂದು ಕ್ಷಣ ಎಲ್ಲವೂ ಹಾಗೇ ಮುಗಿದುಹೋಗುತ್ತದೆ ಎನಿಸಿತು.

ಟೀಚರ್ ಮಾತ್ರ ಕೊಕ್ಕೆಯನ್ನು ಮುಟ್ಟಿರಲಿಲ್ಲ. "ಹಿತ್ತಾಳೆ ವಿಷಯ ಆಮೇಲೆ," ಎಂದರು. "ಆ ಮನುಷ್ಯನನ್ನ ನಾನು ಕಳಿಸ್ದಾಗ ನೀವು ಪಕ್ಕದಲ್ಲೇ ನಿಂತಿದ್ರಲ್ಲ?"

"ನಿಂತಿದ್ದೆ ಟೀಚರ್."

"ಚಾಪೆ ಹಿಡ್ಕೊಂಡು ಹೋಗಿದ್ದೂ ನೋಡಿದ್ರಿ."

"ನೋಡಿದೆ."

ಮತ್ತೆ ಯಾರೂ ಪುಣ್ಯದ ಮಾತೆತ್ತಲಿಲ್ಲ. ಕೊಕ್ಕೆಗಳ ಪಟ್ಟಿ ಮಾಡಿ, ಅವು ಎಲ್ಲಿಂದ ಬಂದವು ಎಂದು ಇದ್ದದ್ದು ಇದ್ದ ಹಾಗೆ ರೈಲ್ವೆಗೆ ಪತ್ರ ಬರೆಯುವುದೆಂದು ಟೀಚರ್ ತೀರ್ಮಾನಿಸಿದರು. ಫಿಟ್ಟರ್ ಸಹಿ ಹಾಕಿದರು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹಳೆ ಕಬ್ಬಿಣದ ವ್ಯಾಪಾರಿಗೆ ನಾನೇ ಫೋನ್ ಮಾಡಿದೆ. "ಹೌದಾ ಮೇಡಂ? ಹಾಗಾದ್ರೆ ನಂಗೂ ಯಾರೋ ಮೋಸ ಮಾಡಿದಾರೆ ಬಿಡಿ," ಎಂದು ನಕ್ಕು ಇಟ್ಟುಬಿಟ್ಟರು.

ಕಾವಲುಗಾರರ ಫೋನ್ ಸ್ವಿಚಾಫ್ ಆಗಿತ್ತು. ಎಲ್ಲಿದ್ದಾರೆಂದು ಗೊತ್ತಿದ್ದದ್ದು ಟೀ ಅಂಗಡಿಯ ಹೆಂಗಸಿಗೆ. ಅವರು ನನಗೆ ತಕ್ಷಣ ಹೇಳಲಿಲ್ಲ. "ಯಾಕೆ, ಇನ್ನೇನ್ ಕಳೆದೋಗಿದೆ?" ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದ ಮೇಲೆ, ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಹತ್ತಿರ ಒಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ, ಅಲ್ಲಿ ಹೆಂಡತಿಯ ಅಕ್ಕನ ಕಡೆಯವರ ಜೊತೆ ಇದ್ದಾರೆ ಎಂದರು.

ಮರುದಿನ ಬೆಳಿಗ್ಗೆ ನಾನೂ ಫಿಟ್ಟರೂ ಹೋದೆವು. ಕಾವಲುಗಾರ ಇಟ್ಟಿಗೆಗೆ ನೀರು ಹೊಡೆಯುತ್ತಿದ್ದರು. ನಮ್ಮನ್ನು ಕಂಡು 'ಬರ್ರಿ' ಎಂದು ಪೈಪನ್ನು ಬದಿಗಿಟ್ಟರು. ನಾನು ನಡೆದದ್ದನ್ನೆಲ್ಲ ಹೇಳಿದೆ. "ನಿಮ್ಮದೇನೂ ತಪ್ಪಿರಲಿಲ್ಲ. ತಪ್ಪು ನಂದು. ಕ್ಷಮಿಸಿ. ಕೆಲಸಕ್ಕೆ ವಾಪಸ್ ಬನ್ನಿ," ಎಂದೆ. ಫಿಟ್ಟರ್ ಕೈ ಮುಗಿದರು.

ಅವರು ಫಿಟ್ಟರ ಕೈ ಹಿಡಿದು ಕೆಳಗಿಳಿಸಿದರು. "ಹಿರೇರು, ಕೈ ಮುಗೀಬ್ಯಾಡ್ರಿ." ಆಮೇಲೆ ನನ್ನತ್ತ ತಿರುಗಿದರು. "ಅಕ್ಕಾರ, ಅಲ್ಲಿ ಹತ್ತು ಮಂದಿ ಮುಂದ ಕಳ್ಳ ಅಂದ್ರಿ. ಇಲ್ಲಿ ಬಂದು ನನ್ನ ಕಿವ್ಯಾಗ ಅಲ್ಲ ಅಂದ್ರ ಹೆಂಗ್ರಿ? ಕೆಲಸ ನಂಗ ಇಲ್ಲೂ ಐತಿ."

"ಏನು ಮಾಡ್ಬೇಕು ಹೇಳಿ."

"ಎಲ್ಲಿ ಅಂದಿರಿ, ಅಲ್ಲೇ ಅನ್ರಿ."

ಬೋಗಿಯನ್ನು ಶಾಲೆಗೆ ಒಪ್ಪಿಸುವ ದಿನ ಕಾವಲುಗಾರ ದಂಪತಿ ಬಸ್ಸಿನಲ್ಲಿ ಬಂದರು. ಹೆಂಡತಿ ಹಸಿರು ಸೀರೆ ಉಟ್ಟಿದ್ದರು. ಪಾಸಿನವರು, ಶಾಲೆಯ ಮಕ್ಕಳು, ಮೇಷ್ಟ್ರುಗಳು ಸೇರಿದ್ದರು. ನಾನು ಗೇಟಿಗೆ ಹೋಗಿ ಟೀ ಅಂಗಡಿಯವರನ್ನು, ಬಸ್ ನಿಲ್ದಾಣದಲ್ಲಿದ್ದವರನ್ನೂ ಕರೆದೆ. ಅವತ್ತು ನೋಡಿದವರಲ್ಲಿ ಇಬ್ಬರು ಮಾತ್ರ ಇದ್ದರು. ಬೋಗಿಯ ಮುಂದೆ, ಆ ದಿನ ನಿಂತ ಜಾಗದಲ್ಲೇ ನಿಂತು, ನಾನು ಇವರನ್ನು ಕಳ್ಳ ಅಂದಿದ್ದೆ, ಇವರು ಕದ್ದಿಲ್ಲ, ನಿಜ ಹೇಳಿದ್ದು ಇವರು ಒಬ್ಬರೇ ಎಂದು ಜೋರಾಗಿ ಹೇಳಿದೆ. ಹಿಂದೆ ನಿಂತವರಿಗೂ ಕೇಳಿಸಲೆಂದು ಮತ್ತೆ ಮೊದಲಿಂದ ಹೇಳಿದೆ. ಫಿಟ್ಟರ್ ಪಕ್ಕಕ್ಕೆ ಬಂದು, "ಅವತ್ತು ನಾನು ಬಂದಿದ್ದೆ. ನೀರು ಕೊಟ್ಟಿದ್ದು ಇವನೇ," ಎಂದರು.

ಕಾವಲುಗಾರ ತಲೆ ತಗ್ಗಿಸಿ ಕೇಳಿಸಿಕೊಂಡು, "ಆತ್ರಿ," ಎಂದರು. ಅಷ್ಟೇ.

ಮಕ್ಕಳು ಬೋಗಿ ಹತ್ತಿದರು. ಪಾಸಿನವರು ಹತ್ತಿ ತಮ್ಮ ತಮ್ಮ ಹಳೆ ಜಾಗ ಹುಡುಕಿ ಕೂತರು. ಶಟರುಗಳು ಧಡ್ ಧಡ್ ಎಂದು ಏರಿ ಇಳಿಯತೊಡಗಿದವು. ಕಾವಲುಗಾರರ ಹೆಂಡತಿಯನ್ನು ಟೀಚರ್ ಕೈ ಹಿಡಿದು ಹತ್ತಿಸಿಕೊಂಡು ಕಿಟಕಿ ಪಕ್ಕ ಕೂರಿಸಿದರು. ಊರಿಂದ ಬರುವಾಗ ರಾತ್ರಿಯಿಡೀ ಬಾಗಿಲ ಹತ್ತಿರ ನಿಂತು ಬಂದಿದ್ದೆವು, ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದು ಇದೇ ಮೊದಲು ಎಂದು ಆಕೆ ನಕ್ಕರು.

ಕಾವಲುಗಾರ ಮಾತ್ರ ಹೊರಗೆ ಬಿಸಿಲಲ್ಲೇ ನಿಂತಿದ್ದರು. ನಾನು ಬಾಗಿಲಿನಿಂದ ಕೈ ಚಾಚಿದೆ.

"ಬನ್ನಿ, ನೀವೂ ಒಂದು ಸಲ ಕೂತು ನೋಡಿ."

"ಬ್ಯಾಡ್ರಿ ಅಕ್ಕಾರ. ನಾ ಇಲ್ಲೇ ಇರ್ತೀನಿ."

"ಯಾಕೆ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ನನಗೆ ಅರ್ಥ ಮಾಡಿಸುವವರ ಹಾಗೆ, ನಿಧಾನವಾಗಿ ಹೇಳಿದರು.

"ನಾಳಿಗೆ ಮತ್ತೇನಾರ ಕಮ್ಮಿ ಬಿದ್ರ, ಒಳಗ ಯಾರ್ಯಾರು ಬಂದಿದ್ರು ಅಂತ ಕೇಳ್ತೀರಲ್ರಿ."

ಕೈ ಚಾಚಿದ ಹಾಗೇ ನಿಂತಿದ್ದೆ. ಒಳಗಿನಿಂದ ಯಾರೋ ನನ್ನನ್ನು ಕರೆದರು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಇಳಿದರು. ಇಬ್ಬರೂ ಗೇಟು ದಾಟಿ, ಬಂದು ನಿಂತಿದ್ದ ಬಸ್ಸು ಹತ್ತಿದರು.